ಒಂದೇ ಮಾಡೆಲ್‌ನ ಎರಡು ವೇಡರ್: ಒಂದು 2 ಸೀಸನ್, ಇನ್ನೊಂದು 6 ವರ್ಷ

ವೇಡರ್ ಅಂದರೆ ಹೊಳೆಗಿಳಿಯುವಾಗ ಹಾಕಿಕೊಳ್ಳುವ, ನೀರು ಒಳಬರದ ಉಡುಪು. ನನ್ನದು ಎದೆಮಟ್ಟದ್ದು, ಗಾಳಿಯಾಡುವ ಬಟ್ಟೆ, ಪಾದಕ್ಕೆ ನಿಯೋಪ್ರೀನ್ (ಮೆತ್ತನೆಯ ಕೃತಕ ರಬ್ಬರ್) ಕಾಲುಚೀಲ. ಇದೇ ಮಾಡೆಲನ್ನು ಎರಡು ಸಲ ಕೊಂಡಿದ್ದೇನೆ. ಮೊದಲನೆಯದು ಎರಡೇ ಸೀಸನ್‌ಗೆ ಹೋಯಿತು. ಎರಡನೆಯದಕ್ಕೆ ಈಗ 6 ವರ್ಷ, ಇನ್ನೂ ಅದನ್ನೇ ಹಾಕಿಕೊಂಡು ಹೊಳೆಗಿಳಿಯುತ್ತೇನೆ. ಬಟ್ಟೆ ಅದೇ, ಹೊಲಿಗೆ ಅದೇ. ಸೀಸನ್ ಮುಗಿದ ಮೇಲೆ ಎತ್ತಿಡುವ ರೀತಿ ಮಾತ್ರ ಬೇರೆ.

ಮೊದಲನೆಯದನ್ನು ಹೊರಮೈ ಒಣಗಿದೆ ಅಂತ ನೋಡಿ, ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೆ. ಐದು ತಿಂಗಳ ಮೇಲೆ ಬಿಚ್ಚಿದರೆ ಗಪ್ಪನೆ ಮುಗ್ಗಲು ವಾಸನೆ. ಕಾಲುಚೀಲದೊಳಗೆ ಕೈ ಹಾಕಿದೆ, ಬೆರಳಿಗೆಲ್ಲ ಕಪ್ಪು ಬೂಷ್ಟು. ಮೊಣಕಾಲಿನ ಹತ್ತಿರ ಮಡಿಕೆ ಕೂತ ಕಡೆ ಹೊಲಿಗೆ ಮೇಲಿನ ಟೇಪ್ ಅಂಚು ಎದ್ದಿತ್ತು. ಉಗುರಿನಿಂದ ಮುಟ್ಟಿದ್ದೇ ತಡ, ಸುಲಿದು ಬಂತು. ನೀರಿಗಿಳಿದು ಸ್ವಲ್ಪ ಹೊತ್ತಿಗೇ ಎಡಗಾಲು ಒದ್ದೆ.

ಈ ಬಟ್ಟೆಯ ಪದರಗಳ ನಡುವೆ ಒಂದು ತೆಳುವಾದ ಪೊರೆ ಇರುತ್ತದೆ. ಹೊರಗಿನ ನೀರನ್ನು ತಡೆದು, ಒಳಗಿನ ಬೆವರಿನ ಆವಿಯನ್ನು ಹೊರಗೆ ಬಿಡುವುದು ಅದೇ. ತಿಂಗಳುಗಟ್ಟಲೆ ಒಂದೇ ಕಡೆ ಗಟ್ಟಿ ಮಡಿಕೆ ಬಿದ್ದರೆ ಪೊರೆಯೂ ಟೇಪೂ ಅಲ್ಲೇ ಸೋಲುತ್ತವೆ.

ಈಗ ನಾನು ಮಾಡುವುದು ಹೀಗೆ. ಮೊದಲು ತಣ್ಣೀರಿನಲ್ಲಿ ಕೈಯಲ್ಲೇ ಒಗೆಯುತ್ತೇನೆ, ಸ್ವಲ್ಪವೇ ಸೌಮ್ಯ ಸೋಪು. ಬ್ಲೀಚ್, ಬಟ್ಟೆ ಮೆದುವಾಗಿಸುವ ಕಂಡಿಷನರ್ ಎರಡೂ ಬೇಡ. ಆಮೇಲೆ ಒಣಗಿಸುವುದು. ನಿಜವಾದ ಕೆಲಸ ಇದೇ. ಹೊರಮೈ ಒಣಗಿದ ಮೇಲೆ ಪೂರ್ತಿ ಒಳಗು ಹೊರಗು ಮಾಡಿ, ಗಾಳಿ ಆಡುವ ನೆರಳಲ್ಲಿ ಹಾಕಬೇಕು. ಬಟ್ಟೆ ಬೇಗ ಒಣಗುತ್ತದೆ, ದಪ್ಪ ನಿಯೋಪ್ರೀನ್ ಒಣಗಲ್ಲ. ಮುಟ್ಟಿದರೆ ಒಣಗಿದಂತೆ ಇರುತ್ತದೆ, ಆದರೆ ಬೆರಳುಗಳ ಹತ್ತಿರದ ಹೊಲಿಗೆಯನ್ನು ಒತ್ತಿ ಹಿಡಿದರೆ ತೇವ ಕೈಗೆ ಹತ್ತುತ್ತದೆ. ಅದು ಹೋಗುವವರೆಗೆ ನಾನು ಎತ್ತಿಡಲ್ಲ, ಎಷ್ಟು ದಿನ ಆದರೂ ಸರಿ. ಬಿಸಿಲಿಗೆ ಅಥವಾ ಹೀಟರ್ ಮುಂದೆ ಇಟ್ಟು ಅವಸರ ಮಾಡಬೇಡಿ, ಅಂಟು ಹಾಳಾಗುತ್ತದೆ.

ಒಳಮೈ ಹೊರಗಿರುವಾಗಲೇ ತೂತು ಹುಡುಕಿಬಿಡಿ. ಐಸೊಪ್ರೊಪೈಲ್ ಆಲ್ಕೊಹಾಲ್ ಅನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಒಳಮೈಗೆ ಹೊಡೆದರೆ, ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಎರಡನೇ ವರ್ಷ ಮೊಣಕಾಲಿನ ಕೆಳಗೆ ನನಗೆ ಹೀಗೆ ಎರಡು ಸಿಕ್ಕವು. ಪೆನ್ನಿನಿಂದ ಸುತ್ತ ಗೆರೆ ಹಾಕಿ, ಆಲ್ಕೊಹಾಲ್ ಆರಿದ ಮೇಲೆ ಯುರೆಥೇನ್ ಅಂಟನ್ನು ತೆಳ್ಳಗೆ ಸವರಿ ರಾತ್ರಿಯಿಡೀ ಬಿಟ್ಟೆ. ಇವತ್ತಿಗೂ ಆ ಜಾಗದಲ್ಲಿ ನೀರು ಬಂದಿಲ್ಲ. ಈ ಪರೀಕ್ಷೆ ಗಾಳಿಯಾಡುವ ಬಟ್ಟೆಗೆ ಮಾತ್ರ. ರಬ್ಬರ್ ವೇಡರ್ ಆದರೆ ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚ್ ಬಿಟ್ಟು ನೋಡಿ.

ಕೊನೆಗೆ ಪಾದಗಳನ್ನು ಅಗಲವಾದ ಕ್ಲಿಪ್‌ನಲ್ಲಿ ಹಿಡಿಸಿ ತಲೆಕೆಳಗಾಗಿ ನೇತುಹಾಕುತ್ತೇನೆ. ಭುಜದ ಪಟ್ಟಿಯಲ್ಲಿ ನೇತುಹಾಕಿದರೆ ಎಲಾಸ್ಟಿಕ್ ಸುಮ್ನೆ ಜಗ್ಗುತ್ತದೆ. ಜಾಗ ಇಲ್ಲದವರು ಪಾದದಿಂದ ಶುರುಮಾಡಿ ಸಡಿಲವಾಗಿ ಸುತ್ತಿ, ಗಾಳಿ ಆಡುವ ಬಟ್ಟೆ ಚೀಲದಲ್ಲಿ ಇಡಿ, ಮೇಲೆ ಭಾರ ಹೇರಬೇಡಿ. ಕಿಡಿ ಹಾರುವ ಮೋಟಾರ್ ಓಡುವ ಜಾಗ ಬೇಡ. ಆ ಕಿಡಿಯಿಂದ ಹುಟ್ಟುವ ಓಜೋನ್ ಅನಿಲ ರಬ್ಬರನ್ನು ಬಿರಿಸುತ್ತದೆ. ಇಲಿ ಬರುವ ಕಡೆಯೂ ಬೇಡ.

ಕಾಲುಚೀಲದ ಮೇಲೆ ಹಾಕುವ ಬೂಟಿನ ಲೇಸ್ ಸಡಿಲಿಸಿ, ನಾಲಿಗೆ ಹೊರಗೆಳೆದು ಒಣಗಿಸಿ. ಅಡಿ ಫೆಲ್ಟ್ (ಒತ್ತಿ ಮಾಡಿದ ದಪ್ಪ ನಾರುಬಟ್ಟೆ) ಆಗಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು, ಒಂದು ಹೊಳೆಯ ಪಾಚಿ ಅದರಲ್ಲೇ ಕೂತು ಇನ್ನೊಂದು ಹೊಳೆಗೆ ಹೋಗುತ್ತದೆ. ನ್ಯೂಜಿಲೆಂಡ್‌ನಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡಿತು, 2008ರಲ್ಲಿ ಫೆಲ್ಟ್ ಅಡಿಯ ಬೂಟನ್ನೇ ನಿಷೇಧಿಸಿದರು.

ಈ ವೇಡರ್‌ನಲ್ಲಿ ಕೊರತೆ ಇಲ್ಲ ಅಂತಲ್ಲ. ನೀರು ಜಾರಿಸುವ ಹೊರಲೇಪ ಮೂರನೇ ವರ್ಷಕ್ಕೇ ಸವೆಯಿತು. ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಆಗಾಗ ಸ್ಪ್ರೇ ಹೊಡೆಯಬೇಕು. ಸೊಂಟದ ಬೆಲ್ಟಿನ ಬಕಲ್ ತೀರಾ ಸಾಧಾರಣ, ನಾನು ಬದಲಾಯಿಸಿಕೊಂಡೆ. ಆದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೋದ ವಾರ ಕ್ಲಿಪ್‌ನಿಂದ ಇಳಿಸಿ ಮೂಗಿಗೆ ಹಿಡಿದೆ, ಬರೀ ಬಟ್ಟೆಯ ವಾಸನೆ ಇತ್ತು. ಮಾರನೇ ದಿನ ಸೊಂಟಮಟ್ಟ ನೀರಲ್ಲಿ ಮೂರು ಗಂಟೆ ನಿಂತೆ. ಬೂಟು ಬಿಚ್ಚಿದಾಗ ಒಳಗಿನ ಉಣ್ಣೆ ಸಾಕ್ಸ್ ಒಣಗಿಯೇ ಇತ್ತು.