ಶೇ 18ರ ಬಡ್ಡಿ ಯಾವ ಕಾಗದದ ಮೇಲೆ ಉಳಿದಿರುತ್ತದೆ?

ಅಮೆರಿಕದಲ್ಲಿರುವ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಜಾಹೀರಾತು ಮತ್ತೆ ಮತ್ತೆ ಸುತ್ತುತ್ತಿದೆ: ‘ಸರ್ಕಾರದ ಖಾತರಿಯೊಂದಿಗೆ ಶೇ 18ರ ಬಡ್ಡಿ. ಬಡ್ಡಿ ಬಾರದಿದ್ದರೆ ಮನೆಯೇ ನಿಮ್ಮದು.’ ಇದು ಟ್ಯಾಕ್ಸ್ ಲಿಯನ್ ಹೂಡಿಕೆ, ಅಂದರೆ ಬೇರೊಬ್ಬರ ಆಸ್ತಿ ತೆರಿಗೆಯ ಬಾಕಿಯನ್ನು ನಾವು ಕಟ್ಟಿ ಅದರ ಮೇಲೆ ಬಡ್ಡಿ ಪಡೆಯುವುದು. ನಾನೂ ನನ್ನ ಪತಿಯೂ ಇದಕ್ಕೆ ಹಣ ಹಾಕಿದವರು. ಈ ಎರಡು ಭರವಸೆಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಫ್ಲಾರಿಡಾದ ಕಾನೂನಿನಲ್ಲಿ ಶೇ 18 ಎಂದೇ ಬರೆದಿದೆ. ಅದು ಯಾವ ಆಸ್ತಿಯ ಮೇಲೆ, ಯಾರಿಗೆ ಸಿಗುತ್ತದೆ ಎಂಬುದನ್ನು ಮಾತ್ರ ಹೋಟೆಲಿನ ಸಭಾಂಗಣದಲ್ಲಿ ಪಾಠ ಹೇಳುವವರು ಬಾಯಿ ಬಿಡುವುದಿಲ್ಲ.

ಮೊದಲು ವ್ಯವಸ್ಥೆ ಏನೆಂದು ನೋಡೋಣ. ಫ್ಲಾರಿಡಾದಲ್ಲಿ ಆಸ್ತಿ ತೆರಿಗೆಯ ಬಿಲ್ ನವೆಂಬರ್ ಹೊತ್ತಿಗೆ ಬರುತ್ತದೆ. ಆ ತಿಂಗಳೇ ಕಟ್ಟಿದರೆ ಶೇ 4ರ ರಿಯಾಯಿತಿ. ಅದು ತಿಂಗಳು ತಿಂಗಳು ಇಳಿಯುತ್ತಾ ಮಾರ್ಚ್‌ಗೆ ಸೊನ್ನೆಯಾಗುತ್ತದೆ. ಏಪ್ರಿಲ್ 1ಕ್ಕೆ ಕಟ್ಟದೆ ಉಳಿದದ್ದು ಬಾಕಿ. ಶಾಲೆ, ರಸ್ತೆ, ಪೊಲೀಸ್ ಇಲಾಖೆ ನಡೆಸಲು ಜಿಲ್ಲೆಯಂಥ ಸ್ಥಳೀಯ ಆಡಳಿತವಾದ ಕೌಂಟಿಗೆ ಆ ಹಣ ತಕ್ಷಣ ಬೇಕು. ಹಾಗಾಗಿ ಜೂನ್ 1ರೊಳಗೆ ತೆರಿಗೆ ಸಂಗ್ರಾಹಕರು ಬಾಕಿಯನ್ನು ಹರಾಜಿಗೆ ಇಡುತ್ತಾರೆ. ನೀವು ಬೇರೊಬ್ಬರ ತೆರಿಗೆ ಕಟ್ಟುತ್ತೀರಿ, ಬದಲಿಗೆ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಆಸ್ತಿಯ ಮಾಲೀಕ ಮುಂದೆ ಬಾಕಿ ತೀರಿಸಿದಾಗ ನಿಮ್ಮ ಅಸಲು ಬಡ್ಡಿಯೊಂದಿಗೆ ಮರಳುತ್ತದೆ. ಈ ಹರಾಜು ಕೆಳಮುಖವಾಗಿ ನಡೆಯುತ್ತದೆ: ಶೇ 18ರಿಂದ ಶುರುವಾಗಿ, ಯಾರು ಅತಿ ಕಡಿಮೆ ಬಡ್ಡಿಗೆ ಒಪ್ಪುತ್ತಾರೋ ಅವರಿಗೆ ಸರ್ಟಿಫಿಕೇಟ್. ನಾವು ಹೋಗಿದ್ದ ಸೆಮಿನಾರಿನ ಪರದೆಯ ಮೇಲೆ 18 ದೊಡ್ಡ ಅಕ್ಷರದಲ್ಲಿತ್ತು. ಕೆಳಮುಖ ಎನ್ನುವುದು ಒಂದೇ ಸಾಲಿನಲ್ಲಿ ಮುಗಿದುಹೋಯಿತು.

ಆ ಸೆಮಿನಾರ್ ನಡೆದದ್ದು ನ್ಯೂಜೆರ್ಸಿಯಲ್ಲಿ, ವಿಮಾನ ನಿಲ್ದಾಣದ ಬಳಿಯ ಹೋಟೆಲೊಂದರಲ್ಲಿ. ಮೊದಲ ಭಾಗ ಉಚಿತ, ಊಟವೂ ಉಚಿತ. ಊಟದ ನಂತರ ‘ಮುಂದಿನ ಹಂತ’ದ ತರಬೇತಿಗೆ ಸುಮಾರು 3,000 ಡಾಲರ್. ಅಲ್ಲಿಯೇ ಕುಳಿತು ಕ್ರೆಡಿಟ್ ಕಾರ್ಡಿನ ಮಿತಿ ಹೆಚ್ಚಿಸಿಕೊಳ್ಳಲು ಬ್ಯಾಂಕಿಗೆ ಕರೆ ಮಾಡಿ ಎಂದು ಮೇಜಿನಿಂದ ಮೇಜಿಗೆ ಬಂದು ಹೇಳಿದರು. ಹೂಡಿಕೆ ಕಲಿಸಲು ಬಂದವರಿಗೆ ನಿಮ್ಮ ಸಾಲದ ಮಿತಿಯ ಮೇಲೆ ಅಷ್ಟೊಂದು ಆಸಕ್ತಿ ಏಕೆ ಎಂದು ಕೇಳಿದ ಒಬ್ಬ ಹಿರಿಯರು ಊಟ ಮುಗಿಸಿ ಎದ್ದು ಹೋದರು. ಆ ಸಭೆಯಲ್ಲಿ ಲಾಭ ಮಾಡಿದವರೆಂದರೆ ಅವರೊಬ್ಬರೇ.

ತರಬೇತಿಯಲ್ಲಿ ನಮಗೊಬ್ಬ ‘ಕೋಚ್’ ಸಿಕ್ಕರು. ಅವರ ಮಾರ್ಗದರ್ಶನದಲ್ಲಿ ಫ್ಲಾರಿಡಾದ ಒಂದು ಕೌಂಟಿಯ ಆನ್‌ಲೈನ್ ಹರಾಜಿಗೆ ನೋಂದಾಯಿಸಿ ಠೇವಣಿ ಇಟ್ಟೆವು. ಒಳ್ಳೆಯ ಬಡಾವಣೆಗಳ ಮನೆಗಳಿಗೆ ಶೇ 12, ಶೇ 10, ಕೊನೆಗೆ ಶೇ 7 ಎಂದು ಕೂಗಿದೆವು. ಒಂದೂ ನಮಗೆ ಬರಲಿಲ್ಲ. ಫಲಿತಾಂಶ ನೋಡಿದರೆ ಬಹುತೇಕ ಎಲ್ಲವೂ ಶೇ 0.25ಕ್ಕೆ ಹೋಗಿದ್ದವು.

ಕಾಲು ಪ್ರತಿಶತಕ್ಕೆ ಯಾರು ಹಣ ಹಾಕುತ್ತಾರೆ? ಫ್ಲಾರಿಡಾ ಕಾನೂನಿನಲ್ಲಿ ಒಂದು ವಿಶೇಷವಿದೆ. ನೀವು ಗೆದ್ದ ದರ ಎಷ್ಟೇ ಕಡಿಮೆ ಇರಲಿ, ಮಾಲೀಕ ಬಾಕಿ ತೀರಿಸಿದಾಗ ಕನಿಷ್ಠ ಶೇ 5 ಕೊಡಲೇಬೇಕು. ಶೇ 0ಗೆ ಕೂಗಿದವರಿಗೆ ಮಾತ್ರ ಈ ಕನಿಷ್ಠ ಇಲ್ಲ. ಹಾಗಾಗಿ ದೊಡ್ಡ ಕುಳಗಳು ಶೇ 0.25 ಎಂದು ಕೂಗಿ ಆ ಶೇ 5ನ್ನು ಹಿಡಿಯುತ್ತವೆ. ಎಚ್ಚರವಿರಲಿ, ಅದು ವರ್ಷಕ್ಕೆ ಶೇ 5 ಅಲ್ಲ, ಒಟ್ಟು ಶೇ 5. ಮಾಲೀಕ ಎರಡು ತಿಂಗಳಲ್ಲಿ ಕಟ್ಟಿದರೆ ಲಾಭ ಚೆನ್ನಾಗಿದೆ, ಎರಡು ವರ್ಷ ಎಳೆದರೆ ಬ್ಯಾಂಕಿನ ಠೇವಣಿಯೇ ವಾಸಿ. ಸಾವಿರಾರು ಸರ್ಟಿಫಿಕೇಟ್ ಒಟ್ಟಿಗೆ ಕೊಳ್ಳುವ ಸಂಸ್ಥೆಗೆ ಬೇಗ ತೀರಿದವುಗಳ ಲಾಭ ತಡವಾದವುಗಳ ನಷ್ಟವನ್ನು ತುಂಬಿಕೊಡುತ್ತದೆ. ಬೆರಳೆಣಿಕೆಯ ಕಾಗದ ಹಿಡಿಯುವ ನಮ್ಮಂಥವರಿಗೆ ಅಂಥ ಸರಾಸರಿ ಇಲ್ಲ. ಜೊತೆಗೆ, ಒಂದೇ ದರ ಕೂಗಿದವರು ಹಲವರಿದ್ದರೆ ಕಂಪ್ಯೂಟರ್ ಯಾದೃಚ್ಛಿಕವಾಗಿ ಒಬ್ಬರನ್ನು ಆರಿಸುತ್ತದೆ. ಹಲವು ಕಂಪನಿಗಳ ಹೆಸರಿನಲ್ಲಿ ನೋಂದಾಯಿಸಿಕೊಂಡವರಿಗೆ ಹಲವು ಚೀಟಿಗಳು, ನಿಮಗೆ ಒಂದು.

ಹರಾಜಿನಲ್ಲಿ ಕೈ ಖಾಲಿಯಾದಾಗ ಕೋಚ್ ಒಂದು ‘ಗುಟ್ಟು’ ಹೇಳಿದರು. ಹರಾಜಿನಲ್ಲಿ ಯಾರೂ ಕೊಳ್ಳದ ಸರ್ಟಿಫಿಕೇಟುಗಳು ಕೌಂಟಿಯ ಬಳಿಯೇ ಉಳಿಯುತ್ತವೆ. ಅವುಗಳ ಮೇಲೆ ಪೂರ್ತಿ ಶೇ 18, ಅಂದರೆ ತಿಂಗಳಿಗೆ ಶೇ 1.5. ಸ್ಪರ್ಧೆ ಇಲ್ಲ, ಬೇಕೆಂದಾಗ ಕೊಳ್ಳಬಹುದು. ಇದು ನಿಜವೇ. ಸಂತೆ ಎದ್ದ ಮೇಲೆ ನೆಲದ ಮೇಲೆ ಉಳಿದ ಸೊಪ್ಪಿಗೂ ಸ್ಪರ್ಧೆ ಇರುವುದಿಲ್ಲ. ಅಷ್ಟೂ ಸಂಸ್ಥೆಗಳು ಶೇ 18ಕ್ಕೂ ಬೇಡವೆಂದು ಬಿಟ್ಟ ಕಾಗದವನ್ನು ಅದೇ ಶೇ 18ರ ಹೆಸರಿನಲ್ಲಿ ನಮಗೆ ದಾಟಿಸಿದರು. ಅದಕ್ಕೆ ಅಲ್ಲಿಯವರೆಗೆ ಸೇರಿದ ಬಡ್ಡಿಯನ್ನೂ ನಾವೇ ಮುಂಗಡ ಕಟ್ಟಬೇಕು, ಮೇಲೆ 6.25 ಡಾಲರ್ ಶುಲ್ಕ.

ಹೀಗೆ ನಾವು ಕೊಂಡದ್ದು ಮೂರು, ಒಟ್ಟು ಸುಮಾರು 1,400 ಡಾಲರಿಗೆ. ತರಬೇತಿಗೆ ಕೊಟ್ಟದ್ದು ಇದರ ದುಪ್ಪಟ್ಟು ಎಂಬುದನ್ನು ಗಮನಿಸಿ. ಪಟ್ಟಿಯಲ್ಲಿ ಮೂರೂ ‘ಖಾಲಿ ನಿವೇಶನ’. ಕೌಂಟಿಯ ಆಸ್ತಿ ಮೌಲ್ಯಮಾಪಕರ ಜಾಲತಾಣದಲ್ಲಿ ನಿವೇಶನದ ಗುರುತಿನ ಸಂಖ್ಯೆ ಹಾಕಿ ನಕ್ಷೆ ತೆರೆದಾಗ ಒಂದು ಮಳೆನೀರು ನಿಲ್ಲುವ ಹೊಂಡ. ಇನ್ನೊಂದು ಕಾಲುವೆಗೂ ಮನೆಗಳ ಹಿತ್ತಿಲಿಗೂ ನಡುವಿನ ಪಟ್ಟಿ, ಅಗಲ ಒಂದು ಕಾರು ನಿಲ್ಲುವಷ್ಟು. ಮೂರನೆಯದು ರಸ್ತೆಯಿಲ್ಲದ ಜೌಗು. ಇಂಥ ಜಾಗದ ಮಾಲೀಕ ತೆರಿಗೆ ಕಟ್ಟುವುದನ್ನು ಯಾಕೆ ನಿಲ್ಲಿಸಿದ ಎಂದು ಕೇಳಬೇಕಾಗಿಲ್ಲ. ಅವನು ಅದನ್ನು ಬಿಟ್ಟುಕೊಟ್ಟಿದ್ದಾನೆ, ಬಾಕಿ ತೀರಿಸಲು ಎಂದೂ ಬರುವುದಿಲ್ಲ.

ಫ್ಲಾರಿಡಾದಲ್ಲಿ ಇಂಥ ನಿವೇಶನಗಳು ಇಷ್ಟೊಂದು ಇರಲು ಇತಿಹಾಸವೂ ಕಾರಣ. 1950 ಮತ್ತು 60ರ ದಶಕಗಳಲ್ಲಿ ಕಂಪನಿಗಳು ಜೌಗು ನೆಲವನ್ನು ಕಾಗದದ ಮೇಲೆ ನಿವೇಶನಗಳಾಗಿ ಹೋಳು ಮಾಡಿ ಉತ್ತರದ ರಾಜ್ಯಗಳ ಜನರಿಗೆ ಕಂತಿನಲ್ಲಿ ಮಾರಿದವು. ಕೇಪ್ ಕೋರಲ್ ಮತ್ತು ಗೋಲ್ಡನ್ ಗೇಟ್ ಎಸ್ಟೇಟ್ಸ್ ಅನ್ನು ಮಾರಿದ ಗಲ್ಫ್ ಅಮೆರಿಕನ್ ಕಂಪನಿ ಗಿರಾಕಿಗಳನ್ನು ಉಚಿತ ಔತಣಕ್ಕೆ ಕರೆದು ಮಾರುತ್ತಿತ್ತು. ಕೇಪ್ ಕೋರಲ್ ನಿಜವಾಗಿಯೂ ಊರಾಯಿತು. ಗೋಲ್ಡನ್ ಗೇಟ್‌ನ ದಕ್ಷಿಣ ಭಾಗ ಆಗಲಿಲ್ಲ. ಅದನ್ನು ಕೊನೆಗೆ ಸರ್ಕಾರವೇ ಸಾವಿರಾರು ಮಾಲೀಕರಿಂದ ಮರಳಿ ಕೊಂಡು, ಎವರ್‌ಗ್ಲೇಡ್ಸ್ ಜೌಗು ಪ್ರದೇಶದ ಪುನರುಜ್ಜೀವನದ ಭಾಗವಾಗಿ ಪಿಕಯೂನ್ ಸ್ಟ್ರ್ಯಾಂಡ್ ಕಾಡಿಗೆ ಸೇರಿಸಿತು. ಊಟ ಹಾಕಿ ಜೌಗು ಮಾರುವ ಕಲೆ ಅಲ್ಲಿ ಹೊಸದೇನಲ್ಲ.

‘ಬಡ್ಡಿ ಬಾರದಿದ್ದರೆ ಆಸ್ತಿ ನಿಮ್ಮದು’ ಎನ್ನುವ ಮಾತಿಗೆ ಬರುತ್ತೇನೆ. ಫ್ಲಾರಿಡಾದಲ್ಲಿ ಸರ್ಟಿಫಿಕೇಟ್ ಹಿಡಿದವರಿಗೆ ಆಸ್ತಿ ನೇರವಾಗಿ ಬರುವುದಿಲ್ಲ. ಸರ್ಟಿಫಿಕೇಟ್ ನೀಡಿದ ವರ್ಷದ ಏಪ್ರಿಲ್ 1ರಿಂದ ಎರಡು ವರ್ಷ ಕಳೆದ ಮೇಲೆ ನೀವು ಟ್ಯಾಕ್ಸ್ ಡೀಡಿಗೆ, ಅಂದರೆ ತೆರಿಗೆ ಬಾಕಿಗಾಗಿ ಆಸ್ತಿಯನ್ನೇ ಮಾರಿ ಕೊಡುವ ಹಕ್ಕುಪತ್ರಕ್ಕೆ, ಅರ್ಜಿ ಹಾಕಬೇಕು. ಅರ್ಜಿಯ ಜೊತೆ ಅದೇ ಆಸ್ತಿಯ ಮೇಲಿನ ಉಳಿದೆಲ್ಲ ವರ್ಷಗಳ ಸರ್ಟಿಫಿಕೇಟುಗಳ ಹಣ, ಅವುಗಳ ಬಡ್ಡಿ, ಚಾಲ್ತಿ ವರ್ಷದ ತೆರಿಗೆ, ಹಕ್ಕುಪತ್ರ ಶೋಧನೆಯ ವೆಚ್ಚ, ಅರ್ಜಿ ಶುಲ್ಕ ಎಲ್ಲವನ್ನೂ ನೀವೇ ಕಟ್ಟಬೇಕು. ನಂತರ ಆಸ್ತಿ ಬಹಿರಂಗ ಹರಾಜಿಗೆ ಹೋಗುತ್ತದೆ. ಮಾಲೀಕ ವಾಸವಿರುವ, ಹೋಮ್‌ಸ್ಟೆಡ್ ಎಂಬ ತೆರಿಗೆ ವಿನಾಯಿತಿ ಪಡೆದ ಮನೆಯಾದರೆ ಅಂದಾಜು ಮೌಲ್ಯದ ಅರ್ಧವನ್ನು ಆರಂಭಿಕ ಬೆಲೆಗೆ ಸೇರಿಸುತ್ತಾರೆ. ತೆರಿಗೆಯ ಬೆಲೆಗೆ ಮನೆ ಸಿಗುವ ಕಥೆ ಅಲ್ಲಿಗೇ ಮುಗಿಯಿತು. ಒಳ್ಳೆಯ ಮನೆಗೆ ಬೇರೆಯವರು ಕೂಗುತ್ತಾರೆ, ನಿಮಗೆ ಹಾಕಿದ ಹಣ ಬಡ್ಡಿಯೊಂದಿಗೆ ಬರುತ್ತದೆ ಅಷ್ಟೇ. ಯಾರೂ ಕೂಗದಿದ್ದಾಗ ಮಾತ್ರ ಅದು ನಿಮ್ಮ ಪಾಲಿಗೆ ಉಳಿಯುತ್ತದೆ. ಅಂದರೆ ನಮ್ಮ ಹೊಂಡ.

ಆ ಹೊಂಡದ ಅರ್ಜಿಯ ಲೆಕ್ಕ ಹಾಕಿದಾಗ ನಾವು ಕೊಂಡ ಬೆಲೆಯ ಮೂರು ಪಟ್ಟು ದಾಟಿತು. ಗೆದ್ದರೂ ಮುಂದಿನ ವರ್ಷದಿಂದ ತೆರಿಗೆ ನಮ್ಮದು. ಹುಲ್ಲು ಕತ್ತರಿಸಿಲ್ಲವೆಂದೋ ಕಸ ಬಿದ್ದಿದೆಯೆಂದೋ ನಗರ, ಕೌಂಟಿ ಹಾಕಿದ ಬಾಕಿಗಳು ಟ್ಯಾಕ್ಸ್ ಡೀಡಿನಿಂದ ಅಳಿಯುವುದಿಲ್ಲ, ಅವೂ ಕೊಂಡವರ ತಲೆಗೆ. ಮಾರಲು ಹೋದರೆ, ಹಕ್ಕನ್ನು ಖಚಿತಪಡಿಸುವ ನ್ಯಾಯಾಲಯದ ಆದೇಶ ತನ್ನಿ ಎಂದು ಆಸ್ತಿಯ ಹಕ್ಕಿಗೆ ವಿಮೆ ಕೊಡುವ ಟೈಟಲ್ ವಿಮೆಯ ಕಂಪನಿಗಳು ಸಾಮಾನ್ಯವಾಗಿ ಕೇಳುತ್ತವೆ. ವಕೀಲರ ಶುಲ್ಕಕ್ಕೆ ಆ ನೆಲ ಸಾಲದು. ಅರ್ಜಿ ಹಾಕದೆ ಬಿಟ್ಟರೆ ಏಳು ವರ್ಷಕ್ಕೆ ಸರ್ಟಿಫಿಕೇಟ್ ರದ್ದಾಗುತ್ತದೆ. ನಾವು ಬಿಟ್ಟಿದ್ದೇವೆ.

ಇನ್ನೂ ಒಂದನ್ನು ಹೇಳಲೇಬೇಕು. ಆಸ್ತಿಯ ಮಾಲೀಕರಿಗೆ ‘ಬೇಗ ಕಟ್ಟಿ, ಇಲ್ಲದಿದ್ದರೆ ಆಸ್ತಿ ಹೋಗುತ್ತದೆ’ ಎಂದು ಬರೆಯಲು ಕೋಚ್ ನಮಗೊಂದು ಮಾದರಿ ಪತ್ರ ಕೊಟ್ಟಿದ್ದರು, ಅದೂ ತರಬೇತಿಯ ಬೆಲೆಯಲ್ಲಿ ಸೇರಿತ್ತಂತೆ. ಮೊದಲ ಎರಡು ವರ್ಷ ಸರ್ಟಿಫಿಕೇಟ್ ಹಿಡಿದವರು ಹಣಕ್ಕಾಗಿ ಮಾಲೀಕರನ್ನು ತಾವಾಗಿ ಸಂಪರ್ಕಿಸುವುದನ್ನು ಫ್ಲಾರಿಡಾ ಕಾನೂನು ನಿಷೇಧಿಸಿದೆ. ಕಳುಹಿಸಿದ್ದರೆ ಮುಂದಿನ ಹರಾಜುಗಳಿಂದ ನಮ್ಮನ್ನೇ ಹೊರಗಿಡಬಹುದಿತ್ತು. ಕಾನೂನನ್ನು ಓದದವರು ಕಾನೂನಿನ ಹೆಸರಿನಲ್ಲಿ ಪಾಠ ಮಾಡುತ್ತಿದ್ದರು.

ನ್ಯೂಜೆರ್ಸಿಯಲ್ಲಿ ಲೆಕ್ಕ ಇನ್ನೂ ಗೋಜಲು. ಅಲ್ಲಿ ಪ್ರತಿ ಪಟ್ಟಣವೂ ತನ್ನದೇ ಹರಾಜು ನಡೆಸುತ್ತದೆ. ದರ ಶೇ 18ರಿಂದ ಸೊನ್ನೆಗೆ ಇಳಿದ ಮೇಲೂ ಹರಾಜು ನಿಲ್ಲದೆ, ಪಟ್ಟಣಕ್ಕೆ ಹೆಚ್ಚುವರಿ ಪ್ರೀಮಿಯಂ ಕೊಡುವ ಪೈಪೋಟಿಯಾಗುತ್ತದೆ. ಪ್ರೀಮಿಯಂಗೆ ಬಡ್ಡಿ ಇಲ್ಲ, ಐದು ವರ್ಷದೊಳಗೆ ಮಾಲೀಕ ಬಾಕಿ ತೀರಿಸದಿದ್ದರೆ ಅದು ಪಟ್ಟಣದ ಪಾಲು. ಹಾಗಾದರೆ ಹೂಡಿಕೆದಾರರು ಅದನ್ನು ಯಾಕೆ ಕೊಡುತ್ತಾರೆ? ಮುಂದಿನ ವರ್ಷಗಳ ತೆರಿಗೆಯನ್ನೂ ತಾವೇ ಕಟ್ಟಿ ಅದರ ಮೇಲೆ ಶೇ 18ರವರೆಗೆ ಬಡ್ಡಿ ಪಡೆಯಲು. ಹಾಗೆ ವರ್ಷವರ್ಷವೂ ಸುರಿಯಲು ಹಣವಿಲ್ಲದವರಿಗೆ ಆ ಆಟದಲ್ಲಿ ಜಾಗವಿಲ್ಲ.

ಸೆಮಿನಾರಿನಲ್ಲಿ ತೋರಿಸಿದ ‘ಕಡಿಮೆ ಬಾಕಿಗೆ ದೊಡ್ಡ ಮನೆ’ಯ ಚಿತ್ರಗಳು ಹಳೆಯ ಕಾಲದವು. 2023ರ ಮೇ ತಿಂಗಳಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಟೈಲರ್ ವಿರುದ್ಧ ಹೆನೆಪಿನ್ ಕೌಂಟಿ ಪ್ರಕರಣದಲ್ಲಿ ಒಮ್ಮತದ ತೀರ್ಪು ನೀಡಿತು. ಮಿನಿಯಾಪೊಲಿಸ್‌ನ ಜೆರಲ್ಡೀನ್ ಟೈಲರ್, ಆಗ 94 ವರ್ಷದವರು. ದಂಡ, ಬಡ್ಡಿ ಸೇರಿ ಸುಮಾರು 15,000 ಡಾಲರ್ ಬಾಕಿಗೆ ಅವರ ಮನೆಯನ್ನು 40,000 ಡಾಲರಿಗೆ ಮಾರಿ ಕೌಂಟಿ ಎಲ್ಲವನ್ನೂ ಇಟ್ಟುಕೊಂಡಿತ್ತು. ಬಾಕಿಗಿಂತ ಹೆಚ್ಚಿನ ಹಣ ಮಾಲೀಕರದ್ದು ಎಂದಿತು ನ್ಯಾಯಾಲಯ. ಅದರ ಬೆನ್ನಿಗೆ ನ್ಯೂಜೆರ್ಸಿಯೂ 2024ರಲ್ಲಿ ತನ್ನ ಕಾನೂನು ತಿದ್ದಿತು. ನನಗೆ ಕೇಳಿದರೆ ಇದು ಆಗಲೇಬೇಕಿತ್ತು. ಮುದುಕಿಯೊಬ್ಬರ ಮನೆ ಕೈಗೆ ಬರಲಿ ಎಂದು ಕಾಯುವ ಹೂಡಿಕೆಯನ್ನು ‘ಎಲ್ಲರಿಗೂ ಲಾಭ’ ಎಂದು ಕರೆದಾಗಲೇ ನಾವು ಎದ್ದು ಬರಬಹುದಿತ್ತು.

ಈಗ ಇದೇ ಸರಕು ವೆಬಿನಾರ್ ರೂಪದಲ್ಲಿ ಬೆಂಗಳೂರು, ಮೈಸೂರಿಗೂ ಬಂದಿದೆ. ಮೈಸೂರಿನ ನಮ್ಮ ಸಂಬಂಧಿಯೊಬ್ಬರು ಕಳುಹಿಸಿದ ಪ್ರಚಾರ ಪತ್ರದಲ್ಲಿ, ರಿಸರ್ವ್ ಬ್ಯಾಂಕ್ ವರ್ಷಕ್ಕೆ 2,50,000 ಡಾಲರ್ ಕಳುಹಿಸಲು ಬಿಡುತ್ತದೆ ಎಂಬುದನ್ನೇ ಈ ಹೂಡಿಕೆಗೆ ಒಪ್ಪಿಗೆಯಂತೆ ಬರೆದಿದ್ದಾರೆ. ಅದು ಕಳುಹಿಸುವ ಮಿತಿಯೇ ಹೊರತು ಯಾವ ಹೂಡಿಕೆಗೂ ಪ್ರಮಾಣಪತ್ರವಲ್ಲ. ಭಾರತದ ನಿವಾಸಿಗಳು ವಿದೇಶಿ ಆಸ್ತಿಯನ್ನು ಆದಾಯ ತೆರಿಗೆ ವಿವರದಲ್ಲಿ ತೋರಿಸಬೇಕು, ಆ ಬಡ್ಡಿಗೆ ಭಾರತದಲ್ಲಿಯೂ ತೆರಿಗೆ ಇದೆ ಎಂಬ ಮಾತು ಆ ಪತ್ರದಲ್ಲಿ ಎಲ್ಲಿಯೂ ಇಲ್ಲ.

ಅಮೆರಿಕದಲ್ಲಿ ಈಗಾಗಲೇ ಸಹಿ ಹಾಕಿದವರಿಗೆ: ಹೋಟೆಲಿನಂಥ ತಾತ್ಕಾಲಿಕ ಜಾಗದಲ್ಲಿ 130 ಡಾಲರ್ ಮೀರಿ ಮಾರಿದ ತರಬೇತಿಯಂಥದ್ದನ್ನು ಮೂರನೆಯ ಕೆಲಸದ ದಿನದ ಮಧ್ಯರಾತ್ರಿಯೊಳಗೆ ರದ್ದುಪಡಿಸಲು, ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಅವಕಾಶ ಕೊಡುತ್ತದೆ. ಮಾರಿದವರು ರದ್ದತಿಯ ನಮೂನೆಯನ್ನು ಕೈಗೆ ಕೊಡಬೇಕು. ನಮಗೆ ಕೊಡಲಿಲ್ಲ, ಅದನ್ನೇ ಕಾರಣವಾಗಿ ಬರೆದು ಕ್ರೆಡಿಟ್ ಕಾರ್ಡ್ ಕಂಪನಿಗೆ ಆಕ್ಷೇಪ ಸಲ್ಲಿಸಿದೆವು. ಇದೇ ಕಮಿಷನ್ ತೆರಿಗೆ ಹರಾಜಿನ ಮನೆಗಳ ಹೆಸರಿನಲ್ಲಿ ಪಾಠ ಮಾರಿದವರ ವಿರುದ್ಧದ ಪ್ರಕರಣವೊಂದರಲ್ಲಿ 2012ರಲ್ಲಿ 47.8 ಕೋಟಿ ಡಾಲರಿನ ತೀರ್ಪು ಪಡೆದಿತ್ತು ಎಂಬುದನ್ನೂ ಅದರಲ್ಲಿ ಸೇರಿಸಿದೆವು. ತರಬೇತಿಯ ಹಣದಲ್ಲಿ ಸುಮಾರು ಅರ್ಧ ಮರಳಿತು. ಉಳಿದದ್ದಕ್ಕೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ದೂರು ಕೊಟ್ಟಿದ್ದೇವೆ. ಅದೇ ಸಭೆಯಲ್ಲಿ ಹಣ ಕಟ್ಟಿದವರು ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಕೊಡಿ, ದೂರುಗಳು ಹೆಚ್ಚಾದಷ್ಟೂ ಕಡತ ಬೇಗ ಕದಲುತ್ತದೆ.