ಕೊನೆಯ ಹಾಳೆ ಇಲ್ಲದ ಪುಸ್ತಕ, ಮತ್ತೆ ಇನ್ನೆರಡು

ಮೊದಲೇ ಹೇಳಿಬಿಡುತ್ತೇನೆ. ಮೊದಲ ಮಹಾಯುದ್ಧದ ಬಗ್ಗೆ ಜರ್ಮನ್ ಲೇಖಕ ರೆಮಾರ್ಕ್ ಬರೆದ ಕಾದಂಬರಿ ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’ ಓದುವುದಾದರೆ ಬ್ರಯಾನ್ ಮರ್ಡಾಕ್ 1994ರಲ್ಲಿ ಮಾಡಿದ ಇಂಗ್ಲಿಷ್ ಅನುವಾದವನ್ನೇ ತೆಗೆದುಕೊಳ್ಳಿ. ನಾನು ಅಲ್ಲಿಗೆ ಮುಟ್ಟಿದ್ದು ಸುತ್ತು ಬಳಸಿ, ಜಗಲಿ ತುಂಬ ಜನರೆದುರು ಮರ್ಯಾದೆ ಕಳೆದುಕೊಂಡ ಮೇಲೆ.

ಹೋದ ಮಳೆಗಾಲದಲ್ಲಿ ಮಂಗಳೂರಿನ ಫುಟ್‌ಪಾತಿನಲ್ಲಿ 120 ರೂಪಾಯಿಗೆ ಸಿಕ್ಕಿದ್ದು ಎ. ಡಬ್ಲ್ಯು. ವೀನ್‌ನ 1929ರ ಅನುವಾದ, ನಕಲಿ ಮುದ್ರಣ. ಕಣ್ಣೂರು ಪ್ಯಾಸೆಂಜರಿನಲ್ಲಿ ಕೂತು ನೇತ್ರಾವತಿ ಸೇತುವೆ ದಾಟುವಾಗ ಬಿಚ್ಚಿದವ ಕುಂಬಳೆಯಲ್ಲಿ ಇಳಿಯಲು ಮರೆಯುವುದರಲ್ಲಿದ್ದೆ. ನಾಲ್ಕು ದಿನಕ್ಕೆ ಓದಿ ಮುಗಿಯಿತು. ಹನ್ನೆರಡನೆಯ ಅಧ್ಯಾಯದಲ್ಲಿ, ಕತೆ ಹೇಳುವ ಜರ್ಮನ್ ಸಿಪಾಯಿ ಪೌಲ್ ಬಾಯ್ಮರ್‌ಗೆ ವಿಷಗಾಳಿ ಸೇವಿಸಿದ್ದಕ್ಕೆ ಹದಿನಾಲ್ಕು ದಿನದ ವಿಶ್ರಾಂತಿ. ಜೊತೆಯವರೆಲ್ಲ ಹೋಗಿದ್ದಾರೆ. ಬರುವ ವರ್ಷಗಳು ಬರಲಿ, ನನ್ನಿಂದ ಕಸಿಯಲು ಇನ್ನೇನೂ ಉಳಿದಿಲ್ಲ ಎಂದುಕೊಂಡು ಶಾಂತವಾಗಿ ಎದ್ದು ನಿಲ್ಲುತ್ತಾನೆ. ಅಲ್ಲಿಗೆ ನನ್ನ ಪುಸ್ತಕ ಮುಗಿಯಿತು. ಆ ಪುಟದ ಬೆನ್ನಿಗೆ ಒಂದು ಖಾಲಿ ಹಾಳೆ, ಆಮೇಲೆ ರಟ್ಟು.

ಮರುವಾರ ನೀರ್ಚಾಲಿನಲ್ಲಿ ಭಾವನ ಮನೆಯ ಜಗಲಿಯಲ್ಲಿ ಕೂತು ನಾನು ದೊಡ್ಡ ಭಾಷಣವನ್ನೇ ಬಿಗಿದೆ. ಇದನ್ನು ಎಲ್ಲರೂ ಸಾವಿನ ಕಾದಂಬರಿ ಅನ್ನುವುದು ತಪ್ಪು, ಇದು ಬದುಕಿ ಉಳಿದವನ ಕತೆ, ಕೊನೆಯಲ್ಲಿ ಅವ ಎದ್ದು ನಿಲ್ಲುವುದೇ ಇದರ ಜೀವಾಳ, ಹೀಗೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಭಾವ ತಲೆ ಎತ್ತಿದರು. “ಭಾವ, ಅವ ಅಖೇರಿಗೆ ಸಾಯ್ತ ಅಲ್ಲದೋ?”

ಒಳಗೆ ಹೋಗಿ ತಮ್ಮ ಹಳೆಯ ಪ್ರತಿ ತಂದು ಕೊನೆಯ ಪುಟ ತೆಗೆದು ನನ್ನ ತೊಡೆಯ ಮೇಲಿಟ್ಟರು. ಎರಡೇ ಎರಡು ಸಣ್ಣ ಪ್ಯಾರಾ. ಇಡೀ ಪುಸ್ತಕ ‘ನಾನು’ ಎನ್ನುತ್ತ ಬಂದ ದನಿ ಇಲ್ಲಿ ಇಲ್ಲ. ಇನ್ಯಾರೋ ‘ಅವನು’ ಎಂದು ಹೇಳುತ್ತಿದ್ದಾರೆ. ಅವನು ಬಿದ್ದದ್ದು 1918ರ ಅಕ್ಟೋಬರಿನಲ್ಲಿ. ಆ ದಿನ ರಣರಂಗವಿಡೀ ಎಷ್ಟು ತಣ್ಣಗಿತ್ತೆಂದರೆ ಸೇನೆಯ ವರದಿ ಒಂದೇ ವಾಕ್ಯಕ್ಕೆ ಮುಗಿದಿತ್ತು. ಕಾದಂಬರಿಯ ಬೆನ್ನೆಲುಬೇ ಆ ಒಂದು ಹಾಳೆಯಲ್ಲಿತ್ತು, ನನ್ನದರಲ್ಲಿ ಅದನ್ನು ಅಚ್ಚೇ ಹಾಕಿರಲಿಲ್ಲ. ಫುಟ್‌ಪಾತಿನವನ ಹತ್ತಿರ ಹೋಗಿ ಜಗಳ ತೆಗೆದೆ. ಇನ್ನೊಂದು ಪ್ರತಿ ಕೊಟ್ಟ. ಅದರಲ್ಲೂ ಇಲ್ಲ. “ಕತೆ ಪೂರ್ತಿ ಉಂಟಲ್ಲ ಸಾರ್,” ಎಂದ. ಆ ಕೋಪಕ್ಕೆ 399 ಕೊಟ್ಟು ಮರ್ಡಾಕ್ ತಂದೆ.

ಭಾವನ ವೀನ್, ನನ್ನ ಮರ್ಡಾಕ್ ಎರಡನ್ನೂ ಪಕ್ಕ ಪಕ್ಕ ಇಟ್ಟು ಮೊದಲು ನೋಡಿದ್ದು ಅದೇ ಕೊನೆಯ ವಾಕ್ಯವನ್ನು. ವೀನ್ ಪ್ರಕಾರ ಆ ವರದಿ ಹೇಳಿದ್ದು ಪಶ್ಚಿಮದ ರಣರಂಗದಲ್ಲಿ ಎಲ್ಲ ಶಾಂತ ಎಂದು. ಜರ್ಮನ್ ಹೆಸರು ‘ಇಮ್ ವೆಸ್ಟೆನ್ ನಿಖ್ಟ್ಸ್ ನೊಯೆಸ್’, ಅಂದರೆ ಪಶ್ಚಿಮದಲ್ಲಿ ಹೊಸತೇನೂ ಇಲ್ಲ. ಮರ್ಡಾಕ್ ರಟ್ಟಿನ ಮೇಲೆ ಎಲ್ಲರಿಗೂ ಪರಿಚಯವಿದ್ದ ವೀನ್‌ನ ಹೆಸರನ್ನೇ ಇಟ್ಟುಕೊಂಡರೂ ಕೊನೆಯ ವಾಕ್ಯದಲ್ಲಿ ಮೂಲಕ್ಕೆ ನಿಂತಿದ್ದಾರೆ: ವರದಿ ಮಾಡುವಂಥ ಹೊಸತೇನೂ ಇಲ್ಲ. ‘ಶಾಂತ’ದಲ್ಲಿ ಕವಿತೆ ಇದೆ, ಒಪ್ಪುತ್ತೇನೆ. ಆದರೆ ನಮ್ಮ ಮನೆಗಳಲ್ಲಿ ಫೋನು ಎತ್ತಿದ ಕೂಡಲೇ “ಎಂತ ಶುದ್ದಿ?” ಅನ್ನುತ್ತಾರೆ, ಈಚೆಯವರು “ಹೊಸತ್ತು ಎಂತದೂ ಇಲ್ಲೆ” ಅನ್ನುತ್ತಾರೆ. ಒಬ್ಬ ಹುಡುಗ ಸತ್ತು ಬಿದ್ದ ದಿನದ ಬಗ್ಗೆ ಅದೇ ಮಾತು. ನನಗೆ ಮೈ ಜುಮ್ಮೆಂದದ್ದು ಅಲ್ಲಿ.

ವೀನ್ ತಾನೇ ಆ ಯುದ್ಧದಲ್ಲಿ ಕಾದಿದ ಆಸ್ಟ್ರೇಲಿಯಾದವನು, ಮಿಲಿಟರಿ ಮೆಡಲ್ ಪಡೆದವನು. ಸಿಪಾಯಿ ಮಾತು ಅವನಿಗೆ ಗೊತ್ತು. ಆದರೆ ಅದು ನೂರು ವರ್ಷ ಹಿಂದಿನ ಇಂಗ್ಲಿಷು, ಪುಟಕ್ಕೆ ಎರಡು ಸಲ ನಾನು ಮುಗ್ಗರಿಸುತ್ತಿದ್ದೆ. ಮರ್ಡಾಕ್‌ನಲ್ಲಿ ಆ ತೊಂದರೆ ಇಲ್ಲ.

ಮೂರನೆಯದು ಇದೇ ಕಾದಂಬರಿಯ 2022ರ ಜರ್ಮನ್ ಸಿನಿಮಾ. ನಾಲ್ಕು ಆಸ್ಕರ್. ಕೆಸರು, ಸದ್ದು ಎಲ್ಲ ಭರ್ಜರಿ. ಆದರೆ ಪೌಲ್ ರಜೆಯಲ್ಲಿ ಮನೆಗೆ ಬರುವ ಭಾಗವನ್ನೇ ಕೈಬಿಟ್ಟಿದ್ದಾರೆ. ಕಾಯಿಲೆಯ ತಾಯಿ ಮಗನಿಗೆಂದೇ ಹಣ್ಣಿನ ಜಾಮು ಎತ್ತಿಟ್ಟಿರುತ್ತಾಳೆ, ಅಲ್ಲಿ ತುಂಬ ಕಷ್ಟವೋ ಎಂದು ಕೇಳುತ್ತಾಳೆ, ಅವ ಅಷ್ಟೇನೂ ಇಲ್ಲಮ್ಮ ಎನ್ನುತ್ತಾನೆ. ಗಲ್ಫಿನಿಂದ ಎರಡು ತಿಂಗಳ ರಜೆಗೆ ಬರುವ ನನ್ನ ತಮ್ಮನೂ ಅಷ್ಟೇ. ಅಮ್ಮ ಮಾಂಬಳದ ಡಬ್ಬ ಮುಂದಿಟ್ಟು ಕೇಳುತ್ತಾರೆ, ಅವ “ಸುಖ” ಅನ್ನುತ್ತಾನೆ, ಮಾಂಬಳ ಹರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಮುಂದಿನ ಪ್ರಶ್ನೆಗೆ ಎಡೆಯೇ ಇಲ್ಲ. ಇದನ್ನು ಬಿಟ್ಟು ಕದನವಿರಾಮದ ಸಂಧಾನ ನಡೆದ ರೈಲು ಡಬ್ಬಿ ತೋರಿಸಿದರೆ ನನಗೇನು? ಸಾಲದ್ದಕ್ಕೆ ಪೌಲ್‌ನನ್ನು ನವೆಂಬರ್ 11ಕ್ಕೆ, ಕದನವಿರಾಮಕ್ಕೆ ಕ್ಷಣಗಳಿರುವಾಗ ಸಾಯಿಸಿದ್ದಾರೆ. ಅಂಥ ಗಳಿಗೆಯ ಸಾವು ಸುದ್ದಿಯಾಗದೆ ಇರುತ್ತದೆಯೇ? ಹೆಸರಿಲ್ಲದ ಯಾವುದೋ ಒಂದು ಅಕ್ಟೋಬರ್ ದಿನ ಎಂಬುದರಲ್ಲೇ ಎಲ್ಲ ಇತ್ತು.

ಭಾವನ ತಕರಾರು ಬೇರೆ. ರೆಮಾರ್ಕ್ ರಣರಂಗದಲ್ಲಿದ್ದದ್ದೇ ಕೆಲವು ವಾರ, 1917ರ ಜುಲೈ 31ಕ್ಕೆ ಗಾಯಗೊಂಡು ಆಸ್ಪತ್ರೆ ಸೇರಿದ ಎನ್ನುವ ಹಳೆಯ ಟೀಕೆ ಅವರದ್ದೂ ಹೌದು. ಯುದ್ಧ ಮಾಡಿಸಿದವರು ಯಾರೆಂದೂ ಬರೆದಿಲ್ಲವಂತೆ. ಬರೆಯದೆಯೇ ನಾಜಿಗಳು 1933ರಲ್ಲಿ ಈ ಪುಸ್ತಕವನ್ನು ಸುಟ್ಟರೇ ಭಾವ, ಎಂದೆ. ಜರ್ಮನಿಯ ಗುಡ್ಡ ಫ್ರಾನ್ಸಿನ ಗುಡ್ಡವನ್ನು ಹೇಗೆ ಅವಮಾನಿಸೀತು ಎಂದು ಸಿಪಾಯಿಯೊಬ್ಬ ಕೇಳುವ ಪುಟ ತೋರಿಸಿದೆ. ಕೂತಲ್ಲೇ ಕೂತು 1956ರಲ್ಲಿ ಮದ್ರಾಸಿನಿಂದ ಕೇರಳಕ್ಕೆ ಸೇರಿದ ಕಾಸರಗೋಡಿನವರು ನಾವು. ಅವರೂ ನಕ್ಕರು, ಪಟ್ಟು ಮಾತ್ರ ಬಿಡಲಿಲ್ಲ.

ನಾನು ಓದುವುದು ರೈಲಿನಲ್ಲಿ, ಇಲ್ಲವೇ ರಾತ್ರಿ ಕರೆಂಟು ಹೋದಾಗ ಟಾರ್ಚಿನಲ್ಲಿ. ಅದಕ್ಕೆ ಮರ್ಡಾಕ್‌ನ ನೇರ ವಾಕ್ಯವೇ ಸರಿ, 399 ನನ್ನ ಕೈಗೆ ಸ್ವಲ್ಪ ಭಾರವಾದರೂ. ಹಣ ಹಾಕಲು ಮನಸ್ಸಿಲ್ಲದಿದ್ದರೆ ಯಾರದಾದರೂ ಹಳೆಯ ವೀನ್ ಎರವಲು ತನ್ನಿ, ಕೊನೆಯ ಪುಟ ಇದೆಯೇ ಎಂದು ನೋಡಿಕೊಂಡು. ಸಿನಿಮಾ ಆಮೇಲೆ.

ನನ್ನ ನಕಲಿ ಪ್ರತಿಯನ್ನು ಎಸೆದಿಲ್ಲ. ಕೊನೆಯ ಖಾಲಿ ಹಾಳೆಯಲ್ಲಿ ಆ ಎರಡು ಪ್ಯಾರಾವನ್ನು ಮರ್ಡಾಕ್‌ನಿಂದ ಬಾಲ್‌ಪೆನ್ನಿನಲ್ಲಿ ಇಳಿಸಿ ಕಾಲೇಜಿಗೆ ಹೋಗುವ ಸೊಸೆಗೆ ಕೊಟ್ಟಿದ್ದೇನೆ. ಅರ್ಧ ಓದಿದ್ದಾಳೆ.