ಮತ್ತೆ ನೋಡಿದ ಮಾಲ್ಗುಡಿ ಡೇಸ್

ಮಳೆಗಾಲ, ಶೃಂಗೇರಿಯ ಮನೆ, ಹೊರಗೆ ಕಾಲಿಡೋಕೆ ಆಗದಂಥ ಮಳೆ. ಅಜ್ಜಿ ಜೊತೆ ಕೂತು, ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಮೊದಲಿಂದ ನೋಡಿದೆ. ಶಂಕರ್ ನಾಗ್ ಇದನ್ನು 1980ರ ದಶಕದಲ್ಲಿ ದೂರದರ್ಶನಕ್ಕೆ ಮಾಡಿದ್ದು. ಚಿತ್ರೀಕರಣ ಇಲ್ಲೇ ಪಕ್ಕದ ಆಗುಂಬೆಯಲ್ಲಿ. ಹಿಂದಿ ಅಜ್ಜಿಗೆ ಅಷ್ಟಾಗಿ ಬರಲ್ಲ, ಆದರೆ ಆ ಹೆಂಚಿನ ಮನೆ, ಜಗುಲಿ, ಕಂಬ ಕಂಡ ಕೂಡಲೇ "ಇದು ನಮ್ಮ ಕಡೆಯದ್ದೇ ಅಲ್ವಾ" ಅಂದರು.

ನನಗೆ ಎಲ್ಲಕ್ಕಿಂತ ಇಷ್ಟ ಸ್ವಾಮಿ. ಮಾಸ್ಟರ್ ಮಂಜುನಾಥ್ ಆ ಹುಡುಗನನ್ನು ಮುದ್ದು ಮಾಡಿ ತೋರಿಸೋದೇ ಇಲ್ಲ, ಅವನು ಹೆದರುತ್ತಾನೆ, ಸುಳ್ಳು ಹೇಳುತ್ತಾನೆ, ಓಡಿಹೋಗುತ್ತಾನೆ, ಆಮೇಲೆ ಕ್ರಿಕೆಟ್ ಮ್ಯಾಚ್ ತಪ್ಪಿದ್ದಕ್ಕೆ ಗೆಳೆಯ ರಾಜಂ ಮುನಿಸಿಕೊಂಡಾಗ ನಮಗೂ ಹೊಟ್ಟೆ ಹಿಂಡುತ್ತದೆ. ಅಪ್ಪನಾಗಿ ಗಿರೀಶ್ ಕಾರ್ನಾಡ್ ಜಾಸ್ತಿ ಮಾತಾಡುವುದೇ ಬೇಡ, ಸುಮ್ನೆ ನೋಡಿದರೆ ಸಾಕು, ಮನೆ ಮೌನವಾಗುತ್ತದೆ. ಆದರೂ ಆ ಸಿಟ್ಟಿನ ಕೆಳಗೆ ಅಕ್ಕರೆ ಇದೆ ಅಂತ ಗೊತ್ತಾಗುತ್ತದೆ.

ಈಗಿನ ಎಷ್ಟೋ ಧಾರಾವಾಹಿಗಳಲ್ಲಿ ಅತ್ತೆ ಒಂದು ಲೋಟ ಹಾಲಿಗೆ ಏನೋ ಬೆರೆಸಿದರೆ ಅದು ಸೊಸೆ ಕೈಗೆ ಸೇರೋಕೆ ಒಂದು ವಾರ ಬೇಕು. ಇಲ್ಲಿ ಎಷ್ಟೋ ಕಥೆಗಳು ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಕೆಟ್ಟವರು ಅಂತ ಯಾರೂ ಇಲ್ಲ, ಬಡತನ, ಆಸೆ, ಸಣ್ಣ ಮೋಸ, ಅಷ್ಟೇ. ನನ್ನ ತಕರಾರು ಒಂದೇ: ಕೆಲವು ಕಥೆಗಳು ಥಟ್ಟನೆ ನಿಂತುಬಿಡುತ್ತವೆ, ಆ ಮನುಷ್ಯನ ಜೊತೆ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು ಅನಿಸುತ್ತದೆ.

ಮಕ್ಕಳಿದ್ದರೆ ಸ್ವಾಮಿಯ ಕಂತುಗಳಿಂದಲೇ ಶುರು ಮಾಡಿ. ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತವನ್ನು ಮಾತ್ರ ದಯವಿಟ್ಟು ಕೇಳದೆ ಮುಂದೆ ಓಡಿಸಬೇಡಿ.